ಸ್ಕೋರ್ ಅಲ್ಲ, ತಪ್ಪು ಉತ್ತರ ನೋಡಿ

ಮೂರನೇ ತರಗತಿಯ ಇಬ್ಬರು ಮಕ್ಕಳಿಗೆ ಕಂಪ್ಯೂಟರ್ ಆಟದಲ್ಲಿ 62 − 38 ಬಂತು ಅಂದುಕೊಳ್ಳಿ. ಒಂದು ಮಗು 36 ಒತ್ತುತ್ತದೆ, ಇನ್ನೊಂದು 34. ಇಬ್ಬರಿಗೂ ಸೊನ್ನೆ. ಆದರೆ 36 ಒತ್ತಿದ ಮಗು 2ರಲ್ಲಿ 8 ಹೋಗದು ಎಂದು 8ರಲ್ಲಿ 2 ಕಳೆದಿದೆ. ದಶಕ ಬಿಡಿಸುವುದೇ ಅದಕ್ಕೆ ಗೊತ್ತಿಲ್ಲ. 34 ಒತ್ತಿದ ಮಗು ದಶಕ ತೆಗೆದುಕೊಂಡಿದೆ, 6 ಇದ್ದದ್ದು 5 ಆಯಿತೆಂಬುದನ್ನು ಮರೆತಿದೆ. ಮೊದಲನೆಯದರ ಮುಂದೆ ಹತ್ತು ಕಡ್ಡಿಯ ಕಟ್ಟನ್ನು ಬಿಚ್ಚಿ ತೋರಿಸಬೇಕು. ಎರಡನೆಯದಕ್ಕೆ 6 ಹೊಡೆದು ಮೇಲೆ 5 ಬರೆಯುವ ರೂಢಿ ಮಾಡಿಸಿದರೆ ಸಾಕು. ಈ ವ್ಯತ್ಯಾಸವನ್ನು ಸ್ಕೋರ್ ನುಂಗಿಬಿಡುತ್ತದೆ.

ಟಕ್ಸ್‌ಮ್ಯಾಥ್ ಎಂಬ ಗಣಿತದ ಆಟ ಅನೇಕ ಶಿಕ್ಷಕರಿಗೆ ಗೊತ್ತು. ಉಚಿತ ತಂತ್ರಾಂಶ, ಇಂಟರ್ನೆಟ್ ಬೇಡ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಮೇಲಿನಿಂದ ಲೆಕ್ಕ ಹೊತ್ತ ಧೂಮಕೇತು ಇಳಿಯುತ್ತದೆ, ಉತ್ತರ ಒತ್ತಿ ಎಂಟರ್ ಹೊಡೆದರೆ ಸಿಡಿಯುತ್ತದೆ. ಮಗ್ಗಿ ಗಟ್ಟಿಮಾಡಲು ಇದು ಒಳ್ಳೆಯದು. ಮೌಲ್ಯಮಾಪನಕ್ಕೆ ಒಗ್ಗದು: ಬೀಳುವ ವೇಗ ಹೆಚ್ಚಿದಂತೆ ಅಳೆಯುವುದು ಬೆರಳಿನ ಚುರುಕನ್ನು, ಲೆಕ್ಕವನ್ನಲ್ಲ. ಮನೆಯಲ್ಲಿ ಕೀಬೋರ್ಡ್ ಮುಟ್ಟದ ಮಗು ಇಲ್ಲಿ ಸುಮ್ಮನೆ ಸೋಲುತ್ತದೆ.

ಅಳೆಯುವುದಕ್ಕೆ ಸ್ಕ್ರಾಚ್‌ನಲ್ಲಿ (ಬ್ಲಾಕ್ ಎಂಬ ಆಜ್ಞೆಯ ತುಂಡುಗಳನ್ನು ಜೋಡಿಸಿ ಆಟ ಕಟ್ಟುವ ಉಚಿತ ತಂತ್ರಾಂಶ) ನೀವೇ ದೋಣಿ ಸಾಗುವ ಸಣ್ಣ ಆಟ ಕಟ್ಟಿಕೊಳ್ಳಿ. ಲೆಕ್ಕ, ಮಗುವಿನ ಉತ್ತರ, ಸಮಯ ಎಂದು ಮೂರು ಪಟ್ಟಿ ಮಾಡಿ. ಪ್ರತಿ ಲೆಕ್ಕಕ್ಕೂ ಟೈಮರ್ ಸೊನ್ನೆಗೆ ತನ್ನಿ, ಪ್ರಶ್ನೆ ಕೇಳಿ ಕಾಯುವ ಬ್ಲಾಕ್ ಹಾಕಿ, ಬಂದ ಉತ್ತರವನ್ನೂ ಟೈಮರನ್ನೂ ಪಟ್ಟಿಗೆ ಸೇರಿಸಿ. ಉತ್ತರ ಸರಿಯಿರಲಿ ತಪ್ಪಿರಲಿ, ದೋಣಿ ಒಂದು ಹೆಜ್ಜೆ ಮುಂದೆ ಹೋಗಲಿ. ಹೆದರಿಕೆಯಿಂದ ಉತ್ತರ ಬದಲಿಸುವುದು ನಿಲ್ಲುತ್ತದೆ. ಬೇಗ ಮುಗಿಸಲು ಏನೋ ಒಂದು ಒತ್ತುವವರನ್ನು ಸಮಯದ ಪಟ್ಟಿ ಹಿಡಿದುಕೊಡುತ್ತದೆ: ದಶಕ ತೆಗೆದುಕೊಳ್ಳುವ ಲೆಕ್ಕಕ್ಕೆ ಎರಡು ಸೆಕೆಂಡ್ ಎಂದರೆ ಅದು ಊಹೆ. ಮುಗಿದ ಮೇಲೆ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ ರಫ್ತು ಮಾಡಿದರೆ ಪಠ್ಯ ಕಡತ ಸಿಗುತ್ತದೆ. ಮುಂದಿನ ಮಗು ಆಟ ಶುರುಮಾಡುವ ಹಸಿರು ಬಾವುಟ ಒತ್ತುವ ಮೊದಲೇ ಇದಾಗಬೇಕು, ಏಕೆಂದರೆ ಆಟದ ಆರಂಭದಲ್ಲಿ ಪಟ್ಟಿ ಅಳಿಸುವ ಬ್ಲಾಕ್ ಇಡಲೇಬೇಕು.

ಹತ್ತು ಲೆಕ್ಕ ಸಾಕು: ದಶಕ ತೆಗೆದುಕೊಳ್ಳಬೇಕಿಲ್ಲದ್ದು ಎರಡು, ದಶಕ ತೆಗೆದುಕೊಳ್ಳುವಂಥದ್ದು ಆರು, ಬಿಡಿ ಸ್ಥಾನದಲ್ಲಿ ಸೊನ್ನೆ ಇರುವುದು ಎರಡು. 50 − 27ಕ್ಕೆ ಬರುವ 37, 33, 30 ಮೂರೂ ಬೇರೆ ಬೇರೆ ತಪ್ಪು: 37 ತಿರುಗಿಸಿ ಕಳೆದದ್ದು, 33 ಹತ್ತರ ಸ್ಥಾನ ಇಳಿಸಲು ಮರೆತದ್ದು, 30 ಸೊನ್ನೆಯಲ್ಲಿ ಏನೂ ಹೋಗದೆಂದು ಸೊನ್ನೆಯನ್ನೇ ಬರೆದದ್ದು. ಲೆಕ್ಕ ಆರಿಸುವಾಗ ಒಂದು ಎಚ್ಚರ ಇರಲಿ. 62 − 47 ಕೊಟ್ಟರೆ ತಿರುಗಿಸಿ ಕಳೆದವರಿಗೂ 25, ಹತ್ತರ ಸ್ಥಾನ ಇಳಿಸಲು ಮರೆತವರಿಗೂ 25. ಬಿಡಿ ಅಂಕಿಗಳ ನಡುವೆ ಸರಿಯಾಗಿ 5ರ ಅಂತರವಿದ್ದಾಗಲೆಲ್ಲ ಹೀಗಾಗುತ್ತದೆ. ಅಂಥ ಲೆಕ್ಕ ಬಿಡಿ.

62 − 38ಕ್ಕೆ 24ರ ಬದಲು 42 ಬಂದರೆ ಅವಸರದಲ್ಲಿ ತಪ್ಪು ಅನ್ನಬೇಡಿ. ಕಾಗದದ ಮೇಲೆ ಮಗು ಬಲದಿಂದ ಎಡಕ್ಕೆ ಮಾಡುತ್ತದೆ, ಮೊದಲು 4 ಸಿಗುತ್ತದೆ, ಅದನ್ನೇ ಮೊದಲು ಒತ್ತುತ್ತದೆ. ಉರ್ದು ಮಾಧ್ಯಮದ ಮಕ್ಕಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇರಬಹುದು: 24ನ್ನು ಚೌಬೀಸ್ ಎನ್ನುವಾಗ ನಾಲ್ಕೇ ಮೊದಲು ಕೇಳಿಸುತ್ತದೆ, ಇಪ್ಪತ್ತನಾಲ್ಕು ಎನ್ನುವಾಗ ಹಾಗಿಲ್ಲ. ಸ್ಲೇಟಿನ ಮೇಲೆ ಪೂರ್ತಿ ಉತ್ತರ ಬರೆದು, ನೋಡಿ ಒತ್ತಲು ಹೇಳಿ. ಒತ್ತಿದ ಅಂಕಿ ತೆರೆಯ ಮೇಲೆ ಬರದಿದ್ದರೆ ಮೊದಲು ಕೀಬೋರ್ಡಿನ ನಮ್‌ಲಾಕ್ ದೀಪ ನೋಡಿ; ಅದು ಉರಿಯದಿದ್ದರೆ ಬಲಬದಿಯ ಅಂಕಿ ಕೀಲಿಗಳಿಂದ ಅಂಕಿ ಬರುವುದಿಲ್ಲ.

ಐದು ಕಂಪ್ಯೂಟರ್, ಮೂವತ್ತು ಮಕ್ಕಳು ಇದ್ದರೆ ಜೋಡಿಯಾಗಿ ಕೂರಿಸಿ ಮೂರು ತಂಡ ಮಾಡಿ, ತಂಡಕ್ಕೆ 12 ನಿಮಿಷ. ಒಬ್ಬರು ಒತ್ತುವಾಗ ಇನ್ನೊಬ್ಬರು ಬೆನ್ನು ತಿರುಗಿಸಿ ಕೂತು ಅಭ್ಯಾಸ ಪುಸ್ತಕದ ಲೆಕ್ಕ ಮಾಡಲಿ. ಇಲ್ಲದಿದ್ದರೆ ಚುರುಕಾದ ಮಗು ಪಿಸುಗುಟ್ಟಿ ಎರಡು ದಾಖಲೆಯನ್ನೂ ಕೆಡಿಸುತ್ತದೆ. ಸ್ಪೀಕರ್ ಬಂದ್ ಮಾಡಿಡಿ. ಪ್ರಗತಿ ದಾಖಲೆಯಲ್ಲಿ "10ಕ್ಕೆ 6" ಎಂದಷ್ಟೇ ಬರೆದರೆ ಮುಂದಿನ ವಾರ ಪಾಠಕ್ಕೆ ನಿಂತಾಗ ಏನೂ ಸಿಗದು. "ತಿರುಗಿಸಿ ಕಳೆಯುತ್ತಾಳೆ, ಆರರಲ್ಲಿ ನಾಲ್ಕು ಸಲ" ಎಂದು ಬರೆದಿದ್ದರೆ ಆ ಮಗುವಿನ ಮುಂದೆ ಕಡ್ಡಿ ಕಟ್ಟು ಹಿಡಿದು ಕೂರಬಹುದು.