ಟೆಸ್ಟ್ ಟ್ಯೂಬಿನ ತಳ ಸೇರುವ ಕ್ಲೋರೋಫಾರ್ಮ್ ಕೋಲಾರದಲ್ಲಿ ಎಲ್ಲಿಗೆ ಹೋಗುತ್ತದೆ?

ಪಿಯುಸಿಯಲ್ಲಿ ಸೈನ್ಸ್ ಓದಿದ ಬಹಳಷ್ಟು ಜನ ಇದನ್ನು ನೋಡಿರುತ್ತಾರೆ. ಅಯೋಡೈಡ್ (ಅಯೋಡಿನ್‌ನ ಲವಣ) ಇರುವ ದ್ರಾವಣಕ್ಕೆ ಕ್ಲೋರಿನ್ ನೀರು ಹಾಕಿ, ಸ್ವಲ್ಪ ಕ್ಲೋರೋಫಾರ್ಮ್ ಬಿಟ್ಟು ಕುಲುಕಿದರೆ ಟೆಸ್ಟ್ ಟ್ಯೂಬಿನ ತಳದಲ್ಲಿ ಚೆಂದದ ನೇರಳೆ ಪದರ ನಿಲ್ಲುತ್ತದೆ. ರೆಕಾರ್ಡಿಗೆ ಬರೆದುಕೊಂಡು ಎಲ್ಲವನ್ನೂ ಸಿಂಕಿಗೆ ಬಗ್ಗಿಸುವ ಅಭ್ಯಾಸ ಹಳೆಯದು. ಆ ಪದರ ತೇಲದೆ ತಳಕ್ಕೇ ಯಾಕೆ ಇಳಿಯಿತು? ಕೋಲಾರದಂಥ ಜಿಲ್ಲೆಯಲ್ಲಿ ಇದನ್ನು ಕೇಳಲೇಬೇಕು.

ಕ್ಲೋರೋಫಾರ್ಮ್ ಹುಟ್ಟಿದ್ದು 1831ರ ಆಸುಪಾಸಿನಲ್ಲಿ. ಅಮೆರಿಕದ ಸ್ಯಾಮ್ಯುಯೆಲ್ ಗಥ್ರಿ, ಫ್ರಾನ್ಸಿನ ಸೂಬೆರಾನ್, ಜರ್ಮನಿಯ ಲೀಬಿಗ್ ಮೂವರೂ ಬೇರೆ ಬೇರೆಯಾಗಿ ತಯಾರಿಸಿದರು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಯಂಗ್ ಸಿಂಪ್ಸನ್ ಅದನ್ನು ತಾವೇ ಮೂಸಿ ನೋಡಿ, ಹೆರಿಗೆ ನೋವಿಗೆ ಕೊಡತೊಡಗಿದರು. ಮೂರು ತಿಂಗಳು ತುಂಬುವ ಮೊದಲೇ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರ್ಮಿನಿಂದ ಸತ್ತಳು. ಆದರೂ 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಗೆ ಇದನ್ನು ತೆಗೆದುಕೊಂಡ ಮೇಲೆ ಬಳಕೆ ಇನ್ನೂ ಜಾಸ್ತಿಯಾಯಿತು.

ಇದರಿಂದ ಜನ ಸಾಯುವುದು ಹೇಗೆ ಎಂಬ ಜಗಳ ನಮ್ಮ ಪಕ್ಕದ ಹೈದರಾಬಾದಿಗೂ ಬಂತು. 1888 ಮತ್ತು 1889ರಲ್ಲಿ ನಿಜಾಮರ ಹಣದಲ್ಲಿ ಎರಡು ಆಯೋಗಗಳು ಕೂತವು. ಮೊದಲು ನಿಲ್ಲುವುದು ಉಸಿರು, ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂದವು. ಅದು ತಪ್ಪು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ದಿಢೀರನೆ ಕೊಲ್ಲಬಲ್ಲದು ಎಂದು ಬ್ರಿಟನ್ನಿನ ವೈದ್ಯ ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದರು. ಆ ಭರವಸೆಯನ್ನು ನಂಬಿ ಆಪರೇಷನ್ ಟೇಬಲ್ ಮೇಲೆ ಮಲಗಿದವರನ್ನು ನೆನೆದರೆ ಸಂಕಟವಾಗುತ್ತದೆ. 1976ರಲ್ಲಿ ಅಮೆರಿಕ ಇದನ್ನು ಔಷಧಿ ಮತ್ತು ಸೌಂದರ್ಯ ಸಾಮಗ್ರಿಗಳಿಂದ ತೆಗೆದುಹಾಕಿತು. ಆಸ್ಪತ್ರೆಯಿಂದ ಹೋಯಿತು, ಲ್ಯಾಬಿನಲ್ಲಿ ಉಳಿಯಿತು.

ಲ್ಯಾಬಿಗೆ ಬರುವುದು ಬಹಳ ಶುದ್ಧವಾದ ಸರಕು. ಶುದ್ಧ ಅಂದರೆ ಸುರಕ್ಷಿತ ಅಂತ ನಂಬಿಬಿಡುತ್ತೇವೆ, ಅಲ್ವಾ? ಇಲ್ಲಿ ಲೆಕ್ಕ ತಿರುಗುಮುರುಗು. ಏನೂ ಬೆರೆಸದ ಕ್ಲೋರೋಫಾರ್ಮ್ ಬೆಳಕು ಮತ್ತು ಗಾಳಿಗೆ ಒಡೆದು ಫಾಸ್ಜೀನ್ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಗ್ಯಾಸೇ ಅದು. ಇದನ್ನು ತಡೆಯಲೆಂದೇ ಕಂದು ಬಾಟಲಿ, ಅದಕ್ಕಾಗಿಯೇ ಶೇ 0.5ರಿಂದ 1ರಷ್ಟು ಎಥನಾಲ್. ಎಥನಾಲ್ ಬೇಡವಾದ ಕೆಲಸಗಳಿಗೆ ಅಮಿಲೀನ್ ಎಂಬ ಇನ್ನೊಂದು ರಾಸಾಯನಿಕ ಬೆರೆಸಿದ್ದು ಸಿಗುತ್ತದೆ. ಆದರೆ ತೆರೆದು ಬಹಳ ದಿನ ಇಟ್ಟರೆ ಅದರಲ್ಲೂ ಫಾಸ್ಜೀನ್ ಸೇರಬಹುದು. ಅದಕ್ಕೇ ಬಾಟಲಿ ತೆರೆದ ದಿನವೇ ತಾರೀಕು ಬರೆಯಬೇಕು. ಹಳೆಯದಾಯಿತೇ ಎಂದು ಮೂಸಿ ನೋಡಬಾರದು. ಇಡುವ ಜಾಗವೂ ತಂಪಾಗಿರಬೇಕು. ಇದರ ತಮ್ಮನಂಥ ದ್ರಾವಕ ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಶೀಟ್ ಹೊದಿಸಿದ ಸ್ಟೋರ್ ರೂಮು ಅಷ್ಟು ಕಾಯುವುದೇನು ದೊಡ್ಡದಲ್ಲ.

ನಮ್ಮ ಕಾಲೇಜುಗಳ ಪ್ರಾಕ್ಟಿಕಲ್‌ನಲ್ಲಿ ನನಗೆ ಜಾಸ್ತಿ ಹೆದರಿಕೆ ಅಮೀನ್ ಎಂಬ ರಾಸಾಯನಿಕಗಳನ್ನು ಗುರುತಿಸುವ ಕಾರ್ಬಿಲಮೀನ್ ಪರೀಕ್ಷೆಯದು. ಅದಕ್ಕೆ ಬೇಕಾಗುವುದೇ ಕ್ಲೋರೋಫಾರ್ಮ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಮುಗಿದ ಮೇಲೆ ಅಸಿಟೋನ್‌ನಿಂದ ಗಾಜು ತೊಳೆದು ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದು ಮುಚ್ಚಳ ಬಿಗಿದರೆ, ಒಳಗೆ ಬಿಸಿ ಏರಿ ಬಾಟಲಿ ಸಿಡಿಯಬಹುದು. ಕ್ಷಾರ ಇರುವ ಕಡೆ ಅಸಿಟೋನ್ ಮತ್ತು ಕ್ಲೋರೋಫಾರ್ಮ್ ಒಟ್ಟಿಗೆ ಸೇರಲೇಬಾರದು. ಇನ್ನು ತೆಳ್ಳನೆಯ ರಬ್ಬರ್ ಗ್ಲೌಸ್ ನಂಬಬೇಡಿ, ನೈಟ್ರೈಲ್ ಗ್ಲೌಸನ್ನೂ ಇದು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಚೆಲ್ಲಿದರೆ ಗ್ಲೌಸ್ ತಕ್ಷಣ ಬದಲಿಸಬೇಕು. ಕೆಲಸ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ ಆಗಬೇಕು.

ಈಗ ಆ ನೇರಳೆ ಪದರಕ್ಕೆ ಬರೋಣ. ಒಂದು ಲೀಟರ್ ಕ್ಲೋರೋಫಾರ್ಮ್ ಹತ್ತಿರ ಹತ್ತಿರ ಒಂದೂವರೆ ಕೆಜಿ ತೂಗುತ್ತದೆ. ನೀರಿಗಿಂತ ಭಾರ, ಹಾಗಾಗಿ ತಳ ಸೇರುತ್ತದೆ. ನೆಲಕ್ಕೆ ಬಿದ್ದರೂ ಹಾಗೇ, ಅಂತರ್ಜಲ ಸಿಕ್ಕಿದರೂ ನಿಲ್ಲದೆ ಇನ್ನೂ ಕೆಳಗಿಳಿಯುತ್ತದೆ. ಕ್ಲೋರಿನ್ ಇರುವ ದ್ರಾವಕಗಳ ಇದೇ ಗುಂಪಿನ ಟ್ರೈಕ್ಲೋರೋಎಥಿಲೀನ್ ಸಿಕ್ಕಿತೆಂದು 1979ರಲ್ಲಿ ಅಮೆರಿಕದ ವೋಬರ್ನ್ ಊರಿನ ಎರಡು ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ನಮ್ಮ ನೀರು ಇರುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಅದಕ್ಕಾಗಿ ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುತ್ತೇವೆ. ಅದೇ ಬಿರುಕಿನಲ್ಲಿ ಇಂಥದ್ದು ಕೂತರೆ ತೆಗೆಯುವುದು ತೀರಾ ಕಷ್ಟ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಸೈನೈಡ್ ಗುಡ್ಡಗಳ ಧೂಳು ಕುಡಿಯುತ್ತಿರುವ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲೋರಿನ್ ಇರುವ ದ್ರಾವಕಗಳಿಗೆ ಬೇರೆಯದೇ ಕ್ಯಾನ್ ಇಟ್ಟು, ಲೇಬಲ್ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಸಾಗಿಸಲು ಪರವಾನಗಿ ಇರುವವರಿಗೇ ಕೊಡಬೇಕು. ಆದರೆ ಮುಳಬಾಗಿಲಿನದೋ ಶ್ರೀನಿವಾಸಪುರದ್ದೋ ಒಂದು ಕಾಲೇಜಿನಲ್ಲಿ ಸೇರುವುದು ಸ್ವಲ್ಪವೇ. ಅಷ್ಟಕ್ಕೆ ಗಾಡಿ ಬರುವುದು ಕಷ್ಟ. ಹಾಗಾಗಿ ತಾಲ್ಲೂಕಿನ ಕಾಲೇಜುಗಳ ಕ್ಯಾನ್‌ಗಳನ್ನು ವರ್ಷಕ್ಕೊಮ್ಮೆ ಒಟ್ಟಾಗಿ ಸಾಗಿಸುವ ಏರ್ಪಾಡನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೂತು ಮಾಡಬೇಕು. ಖರ್ಚನ್ನು ಲ್ಯಾಬ್ ಫೀಸಿನಲ್ಲೇ ಸೇರಿಸಿದರೂ ಆದೀತು.