ಕಾಲೇಜಿನಲ್ಲಿ ಸೀಟು ಸಿಕ್ಕಿತು, ಊಟಕ್ಕೇನು?

ಹಳ್ಳಿಯಿಂದ ಪೇಟೆಗೆ ಓದಲು ಬಂದ ಹುಡುಗನಿಗೆ ಫೀಸಿಗಿಂತ ಮೊದಲು ಕಾಡುತ್ತಿದ್ದುದು ಊಟದ ಚಿಂತೆ. ಅದಕ್ಕಿದ್ದ ಹಳೆಯ ದಾರಿ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಐದೇ ಮನೆ ಗೊತ್ತಾದರೆ ಉಳಿದೆರಡು ದಿನ ಹೊಟ್ಟೆಗೆ ತಣ್ಣೀರು ಬಟ್ಟೆ. ಮನೆಯೊಳಗೆ ಎಲೆ ಹಾಕಿಸಿಕೊಳ್ಳಬೇಕಾದರೆ ಜಾತಿಯೂ ಹೊಂದಬೇಕಿತ್ತು. ಹಾಗಾಗಿ ಇದು ಹೆಚ್ಚಾಗಿ ಬ್ರಾಹ್ಮಣ ಹುಡುಗರ ಆಸರೆಯಾಗಿಯೇ ಉಳಿಯಿತು.

ಉಳಿದವರಿಗೆ ದಾರಿಯಾದದ್ದು ಹಾಸ್ಟೆಲು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳ ಓದಿಗೆ, ವಸತಿಗೆ ನಿಂತರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ತಮ್ಮ ತಮ್ಮ ಸಮುದಾಯಕ್ಕೆ ವಿದ್ಯಾರ್ಥಿನಿಲಯ ತೆರೆದವು. ಜಾತಿ ಕೇಳದೆ ಉಣಬಡಿಸಿದ್ದಕ್ಕೆ ತುಮಕೂರಿನ ಸಿದ್ಧಗಂಗಾ ಮಠವೇ ದೊಡ್ಡ ಉದಾಹರಣೆ. ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಉಂಡು ಓದುವವರ ಸಂಖ್ಯೆ ಹತ್ತು ಸಾವಿರದ ಹತ್ತಿರ ಮುಟ್ಟಿತು.

ಸರ್ಕಾರ ಕೈ ಜೋಡಿಸಿದ್ದು ತಡವಾಗಿ. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ರಾಜ್ಯದಲ್ಲಿ ಹಿಂದುಳಿದ ವರ್ಗಗಳಿಗೆಂದೇ ಪ್ರತ್ಯೇಕ ಇಲಾಖೆ ಬಂದದ್ದು 1977ರಲ್ಲಿ, ದೇವರಾಜ ಅರಸು ಆಡಳಿತದಲ್ಲಿ. ಹಾಸ್ಟೆಲುಗಳು ಹೆಚ್ಚಿದರೂ ಅರ್ಜಿಗಳು ಅದಕ್ಕಿಂತ ಬೇಗ ಹೆಚ್ಚಿದವು. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿ 2013-14ರಲ್ಲಿ ಬಂತು ಊಟ-ವಸತಿ ಸಹಾಯಧನದ ವಿದ್ಯಾಸಿರಿ ಯೋಜನೆ: ಆಗ ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ದಿನಕ್ಕೆ ಐವತ್ತು ರೂಪಾಯಿ, ಅದರಲ್ಲೇ ಬಾಡಿಗೆ, ಅದರಲ್ಲೇ ಊಟ. ಈ ಲೆಕ್ಕ ಯಾವ ಪೇಟೆಯಲ್ಲಿ ಕೂಡಿಬರುತ್ತದೋ!

ಮೊತ್ತಕ್ಕಿಂತ ದೊಡ್ಡ ತೊಡಕು ಹಣ ಬರುವ ಹೊತ್ತು. ರೂಮಿನ ಅಡ್ವಾನ್ಸ್ ಕೊಡಬೇಕಾದದ್ದು ಕಾಲೇಜು ಶುರುವಾದಾಗ. ಸಹಾಯಧನ ಬರುವುದು ದಾಖಲೆ, ಹಾಜರಾತಿ ಎಲ್ಲ ತಾಳೆಯಾದ ಮೇಲೆ. ಅರ್ಜಿ ಹಾಕುವ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ಗೆ ಆಧಾರ್ ಜೊತೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಆಧಾರ್‌ನಲ್ಲಿ ಇನಿಷಿಯಲ್ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇದ್ದರೆ ಅರ್ಜಿ ಅಲ್ಲೇ ತಗಲಿಹಾಕಿಕೊಳ್ಳುತ್ತದೆ.

ಮಂಜೂರಾದ ಹಣವೂ ಕಳೆದುಹೋದಂತೆ ಕಾಣುವುದುಂಟು. ಅರ್ಜಿಯಲ್ಲಿ ಬರೆದ ಖಾತೆಗೇ ಅದು ಬರುತ್ತದೆಂಬುದು ತಪ್ಪು ತಿಳಿವಳಿಕೆ. ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆ ಯಾವುದೋ ಅದಕ್ಕೇ ಹಣ ಜಮೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಸುಮ್ಮನೆ ಕೂತಿರಬಹುದು. ಅರ್ಜಿಗೂ ಮೊದಲೇ ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ನೋಡಿಕೊಳ್ಳಬೇಕು. ಬೇರೆ ಬ್ಯಾಂಕಿನ ಹೆಸರಿದ್ದರೆ, ಬೇಕಾದ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್‌ಗೆಂದು (ಸಹಾಯಧನ ಬರಲು ಆ ಖಾತೆಯನ್ನು ಆಧಾರ್‌ಗೆ ಜೋಡಿಸುವುದು) ಕೇಳಿ ಅರ್ಜಿ ಕೊಡಬೇಕು. ಬ್ಯಾಂಕಿನಲ್ಲಿ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಮಾಡಿಸಿದ ಮಾತ್ರಕ್ಕೆ ಇದು ಆಗುವುದಿಲ್ಲ.

ಇಷ್ಟೆಲ್ಲ ನೋಡಿದರೆ ನಗದಿಗಿಂತ ಹಾಸ್ಟೆಲ್ ಸೀಟೇ ಮೇಲು. ಅಲ್ಲಿಗೂ ಅನುದಾನ ತಡವಾಗುವುದುಂಟು, ಆದರೆ ಆಗ ದಿನಸಿ ಅಂಗಡಿಯಲ್ಲಿ ಸಾಲ ಹೇಳಬೇಕಾದವರು ವಾರ್ಡನ್, ವಿದ್ಯಾರ್ಥಿಯಲ್ಲ.