ರಿಬ್ಬನ್ ಯಾರ ಕುದುರೆಗೆ?

ಅಮೆರಿಕದ ಮಾದರಿ ಕುದುರೆಗಳ, ಅಂದರೆ ಪ್ಲಾಸ್ಟಿಕ್ ಮುಂತಾದವುಗಳಲ್ಲಿ ಮಾಡಿದ ಪುಟ್ಟ ಕುದುರೆ ಬೊಂಬೆಗಳ, ಪ್ರದರ್ಶನಗಳಲ್ಲಿ ಒಂದು ತಕರಾರು ಪೂರ್ತಿ ಬಗೆಹರಿದದ್ದೇ ಇಲ್ಲ. ಬಹುಮಾನದ ರಿಬ್ಬನ್ ನಿಜವಾಗಿ ಸಲ್ಲಬೇಕಾದದ್ದು ಯಾರಿಗೆ? ಮೂಲ ಶಿಲ್ಪಿಗೋ, ಅಚ್ಚು ಹಾಕಿದ ಕಾರ್ಖಾನೆಗೋ, ಕುದುರೆಯ ರೂಪವನ್ನೇ ಬದಲಿಸಿದ ಕಲಾವಿದೆಗೋ, ಕೊಂಡು ತಂದು ಮೇಜಿನ ಮೇಲೆ ನಿಲ್ಲಿಸಿದವರಿಗೋ? ಇಂದಿನ ವಿಭಾಗಗಳೂ ನಿಯಮಗಳೂ ಬಹುಮಟ್ಟಿಗೆ ಈ ಜಗಳದಿಂದಲೇ ಹುಟ್ಟಿದವು.

ವಿಚಿತ್ರವೆಂದರೆ, ಕುದುರೆ ಮೊದಲು ಬಂದದ್ದು ಗಡಿಯಾರದ ಅಲಂಕಾರವಾಗಿ. 1950ರಲ್ಲಿ ಮಾಸ್ಟರ್‌ಕ್ರಾಫ್ಟರ್ಸ್ ಎಂಬ ಗಡಿಯಾರ ಕಂಪನಿಗಾಗಿ ಷಿಕಾಗೋದ ಬ್ರೇಯರ್ ಮೋಲ್ಡಿಂಗ್ ಕಂಪನಿ ಒಂದು ಪ್ಲಾಸ್ಟಿಕ್ ಕುದುರೆ ಮಾಡಿಕೊಟ್ಟಿತು. ಕೊನೆಗೆ ಹಣದ ಬದಲು ಅದರ ಅಚ್ಚೇ ಬ್ರೇಯರ್ ಪಾಲಿಗೆ ಬಂತು. ಗಡಿಯಾರ ಬೇಡ, ಕುದುರೆಯಷ್ಟೇ ಸಾಕು ಎನ್ನುವ ಗಿರಾಕಿಗಳು ಹೆಚ್ಚಿದರು. ವುಲ್‌ವರ್ತ್ ಎಂಬ ಸರಣಿ ಅಂಗಡಿಗಳೂ ಕೊಂಡವು. ಮುಂದೆ ಕ್ರಿಸ್ ಹೆಸ್ ಎಂಬ ಶಿಲ್ಪಿ ದಶಕಗಳ ಕಾಲ ಈ ಕಂಪನಿಗೆ ಕುದುರೆಗಳನ್ನು ರೂಪಿಸಿದರು. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಡು ಹೋಳುಗಳನ್ನು ಅಚ್ಚು ಹಾಕಿ, ಅಂಟಿಸಿ, ಬೆಸುಗೆಯ ಗೆರೆ ಉಜ್ಜಿ, ಏರ್‌ಬ್ರಷ್‌ನಿಂದ ಬಣ್ಣ ಊದುತ್ತಿದ್ದರು.

ಕಾರ್ಖಾನೆಯ ಬಣ್ಣವೆಲ್ಲ ಗೆದ್ದಿತು ಎಂದಲ್ಲ. 1960ರ ದಶಕದಲ್ಲಿ ನೀಲಿ ಮತ್ತು ಬಂಗಾರದ ಬಣ್ಣದ ಕುದುರೆಗಳನ್ನು ಬಿಟ್ಟಾಗ ಕೊಳ್ಳುವವರಿರಲಿಲ್ಲ. ಅಂದು ಮೂಲೆ ಸೇರಿದ್ದ ಆ ಸರಕಿಗೇ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ.

ಅದೇ ಕಾಲಕ್ಕೆ ಮಾಲೀಕರು ತಮ್ಮ ಕುದುರೆಗಳ ಫೋಟೋ ತೆಗೆದು ಅಂಚೆಯಲ್ಲಿ ತೀರ್ಪುಗಾರರಿಗೆ ಕಳಿಸುವ ಸ್ಪರ್ಧೆಗಳು ಬೆಳೆದವು. ಜೊತೆಯಲ್ಲೇ ಕೆಲವರ ಕೈ ಸುಮ್ಮನಿರಲಿಲ್ಲ. ಅಸಿಟೇಟ್ ಕಾಯಿಸಿದರೆ ಮೆದುವಾಗುತ್ತದೆ. ನಿಂತ ಕುದುರೆಯ ಕಾಲನ್ನು ಬಗ್ಗಿಸಿ, ತಣ್ಣೀರಿನಲ್ಲಿ ಹಿಡಿದರೆ ಹೊಸ ಭಂಗಿ ಗಟ್ಟಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗಿ ಮೈ ಉಬ್ಬದಿರಲೆಂದು ಮೊದಲೇ ಒಂದು ಸಣ್ಣ ತೂತು ಕೊರೆಯುವುದುಂಟು. ಬಾಗಿದ ಕಡೆ ಸ್ನಾಯುಗಳನ್ನು ಎಪಾಕ್ಸಿ ಪುಟ್ಟಿಯಿಂದ ಮತ್ತೆ ಕಟ್ಟಬೇಕು, ಒಣಗಿದ ಮೇಲೆ ಉಜ್ಜಬೇಕು, ಆಮೇಲೆ ಪ್ರೈಮರ್ ಎಂಬ ತಳಬಣ್ಣ. ಪ್ರೈಮರ್ ಬಿದ್ದ ಕೂಡಲೇ ಅದುವರೆಗೆ ಕಾಣದ ಗೀರುಗಳೆಲ್ಲ ಎದ್ದು ಕಾಣುತ್ತವೆ. ಮತ್ತೆ ಉಜ್ಜುವ ಕೆಲಸ. ಬಣ್ಣಕ್ಕೆ ಅಕ್ರಿಲಿಕ್, ತೈಲವರ್ಣ ಅಥವಾ ಪುಡಿ ಮಾಡಿದ ಪ್ಯಾಸ್ಟೆಲ್. ಹಿಂದೆ ಮೊಹೇರ್ ಎಂಬ ಆಡಿನ ಕೂದಲಿನ ಬಾಲ ಅಂಟಿಸುವ ರೂಢಿ ಜೋರಾಗಿತ್ತು. ನನ್ನ ಕಣ್ಣಿಗೆ ಅದು ಬೊಂಬೆಯ ಜಡೆಯಂತೆಯೇ ಕಾಣುತ್ತದೆ. ಪುಟ್ಟಿಯಲ್ಲಿ ಕೆತ್ತಿದ ಬಾಲವೇ ಚೆಂದ.

ಇಷ್ಟೆಲ್ಲ ದುಡಿದು ಮಾಡಿದ ಕುದುರೆಯನ್ನು ಅಂಗಡಿಯಿಂದ ಹಾಗೇ ತಂದದ್ದರ ಪಕ್ಕದಲ್ಲಿ ನಿಲ್ಲಿಸಿ ಹೋಲಿಸುವುದು ಹೇಗೆ? ಹೀಗೆ ಕಾರ್ಖಾನೆಯ ಮೂಲ ಬಣ್ಣದವು ಒಂದು ವಿಭಾಗವಾದವು, ರೂಪಾಂತರಿಸಿದವು ಇನ್ನೊಂದು. ಕಲಾವಿದರೇ ಶಿಲ್ಪ ಮಾಡಿ ರೆಸಿನ್ ಎಂಬ ಗಟ್ಟಿಯಾಗುವ ದ್ರವದಲ್ಲಿ ಎರಕ ಹೊಯ್ದು ಮಾರತೊಡಗಿದಾಗ ಅವಕ್ಕೂ ಬೇರೆ ಮೇಜು ಬೇಕಾಯಿತು. ಪಿಂಗಾಣಿಯವಕ್ಕೆ ತಮ್ಮದೇ ವಿಭಾಗವಿದೆ. ಜೀನು, ಲಗಾಮು, ಸವಾರನೊಡನೆ ದೃಶ್ಯ ಕಟ್ಟುವ ವಿಭಾಗದ ಲೆಕ್ಕವೇ ಬೇರೆ. ಅಲ್ಲಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಲಗಾಮು ತಪ್ಪಾಗಿ ಕಟ್ಟಿದ್ದರೆ ಅಂಕ ಹೋಯಿತು.

ಫೋಟೋದಲ್ಲಿ ಮರೆಯಾಗುತ್ತಿದ್ದ ಹುಳುಕು, ಕುದುರೆಯನ್ನೇ ತಂದು ಮೇಜಿನ ಮೇಲಿಡುವ ನೇರ ಪ್ರದರ್ಶನದಲ್ಲಿ ಮರೆಯಾಗದು. ತೀರ್ಪುಗಾರರು ಬಗ್ಗಿ, ಪುಟ್ಟ ಟಾರ್ಚ್ ಹಿಡಿದು, ಹೊಟ್ಟೆಯಡಿಯ ಗೆರೆ, ಗೊರಸಿನ ಅಂಚು, ಕಣ್ಣುಗುಡ್ಡೆಯ ಹೊಳಪು ನೋಡುತ್ತಾರೆ. ಇಂಥ ಅರ್ಹತಾ ಪ್ರದರ್ಶನಗಳಲ್ಲಿ ಮೊದಲೆರಡು ಸ್ಥಾನ ಪಡೆದ ಕುದುರೆಗಳಿಗೆ ಉತ್ತರ ಅಮೆರಿಕದ ಮಾದರಿ ಕುದುರೆ ಪ್ರದರ್ಶನಗಳ ಸಂಘ ರಾಷ್ಟ್ರೀಯ ಸ್ಪರ್ಧೆಯ ಬಾಗಿಲು ತೆರೆಯುತ್ತದೆ. ಬ್ರೇಯರ್ ಕಂಪನಿಯದೇ ಹಬ್ಬ 1990ರಿಂದ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿರುವ ಕುದುರೆ ಉದ್ಯಾನದಲ್ಲಿ ನಡೆಯುತ್ತ ಬಂದಿದೆ.

ಆದರೂ ಮೊದಲ ಪ್ರಶ್ನೆ ಉಳಿದೇ ಇದೆ. ರೂಪಾಂತರಿಸಿದ ಕುದುರೆಯನ್ನು ಕಲಾವಿದೆ ಮಾರಿಬಿಟ್ಟರೆ, ರಿಬ್ಬನ್ ಹೋಗುವುದು ಕೊಂಡವರ ಮನೆಗೆ. ಇದನ್ನು ಈ ಬಳಗ ಒಪ್ಪಿಕೊಂಡಿದೆ. ಗೆಲ್ಲುವ ಕುದುರೆಗಳಿಂದಲೇ ಕಲಾವಿದೆಗೆ ಮುಂದಿನ ಗಿರಾಕಿಗಳು ಬರುತ್ತಾರೆ. ಒಪ್ಪದ ಸಂಗತಿಯೊಂದಿದೆ. ಕೊಂಡ ಕುದುರೆಯನ್ನು ಕತ್ತರಿಸಿ, ಕಾಯಿಸಿ, ಬಣ್ಣ ಬದಲಿಸಬಹುದು. ಆದರೆ ಅದರಿಂದ ಅನುಮತಿಯಿಲ್ಲದೆ ಅಚ್ಚು ತೆಗೆದು ಇನ್ನೊಂದನ್ನು ಎರಕ ಹೊಯ್ಯುವಂತಿಲ್ಲ. ಹಾಗೆ ಮಾಡಿದವರನ್ನು ಈ ಬಳಗ ಕಳ್ಳರೆಂದೇ ಕರೆಯುತ್ತದೆ.